ವಿಎಂವೇರ್‌ನಿಂದ ಪ್ರಾಕ್ಸ್‌ಮಾಕ್ಸ್‌ಗೆ ತಂದ ವಿಎಂ ಏಳುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಹಳಷ್ಟು ಕಾರ್ಖಾನೆಗಳಿಗೆ ಗುರುವಾರ ವಾರದ ರಜೆ. ಹಾಗಾಗಿ ಸರ್ವರ್ ಕೆಲಸ ಏನಿದ್ದರೂ ಅವತ್ತೇ ಇಟ್ಟುಕೊಳ್ಳುತ್ತೇವೆ. ಹೋದ ಮಳೆಗಾಲದ ಒಂದು ಗುರುವಾರ ರಾತ್ರಿ ಹನ್ನೊಂದೂವರೆಗೆ ಅಲ್ಲಿನ ಒಂದು ಮಷೀನ್ ಶಾಪ್‌ನಿಂದ ಫೋನ್ ಬಂತು. ಅವರ ವಿಎಂ, ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರಿನಿಂದ ನಡೆಯುವ ಕಂಪ್ಯೂಟರ್, ವಿಎಂವೇರ್‌ನಿಂದ ಪ್ರಾಕ್ಸ್‌ಮಾಕ್ಸ್‌ಗೆ ಬಂದಿತ್ತು. ಈ ಎರಡೂ ವಿಎಂ ನಡೆಸುವ ಸಾಫ್ಟ್‌ವೇರ್‌ಗಳು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಗೋಕಾಕ ಕಡೆಯವನು. "ಸರ, ಪರದೆ ನೀಲಿ ಆಗೇತ್ರಿ. ಮೂರ್ ಸಲ ರೀಸ್ಟಾರ್ಟ್ ಮಾಡೀನಿ, ಮತ್ತ ಅದೇ ಬರಾಕತ್ತೇತಿ. ಡೇಟಾ ಹೋತೇನ್ರಿ?" ನಾನು ನಿಗಡಿಯಿಂದ ಗಾಡಿ ತೆಗೆದು ಅಲ್ಲಿಗೆ ಹೋಗುವಷ್ಟರಲ್ಲಿ, ಅವನು ವಿಂಡೋಸ್ ಹೊಸದಾಗಿ ಹಾಕಲು ಎಲ್ಲ ತಯಾರು ಮಾಡಿಕೊಂಡು ಕೂತಿದ್ದ.

ಡೇಟಾ ಎಲ್ಲೂ ಹೋಗಿರಲಿಲ್ಲ. ವಿಎಂನ ಡಿಸ್ಕನ್ನು ಬೇರೆ ಬಸ್‌ಗೆ (ಡಿಸ್ಕ್ ಜೋಡಿಸುವ ಬಗೆಗೆ) ಹಾಕಿದೆವು, ಎದ್ದು ಕೂತಿತು. ಅದರ ಮೇಲೆ ಹೊಸ ವಿಂಡೋಸ್ ಹಾಕಿದ್ದರೆ ಮಾತ್ರ ಒಂಬತ್ತು ವರ್ಷದ ಲೆಕ್ಕಪತ್ರ ನಿಜವಾಗಿಯೂ ಹೋಗುತ್ತಿತ್ತು.

ಪುಣೆಯಲ್ಲಿ ಬಾಡಿಗೆಗೆ ಇರುವವರಿಗೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಗೊತ್ತೇ ಇದೆ. ಮನೆ ಬದಲಿಸಿದ ಮೊದಲ ರಾತ್ರಿ ಸಾಮಾನು ಎಲ್ಲ ಬಂದಿರುತ್ತದೆ. ಆದರೆ ಕತ್ತಲಲ್ಲಿ ಸ್ವಿಚ್ ಎಲ್ಲಿದೆ ಅಂತ ಕೈಗೆ ಸಿಗುವುದಿಲ್ಲ. ವಿಎಂ ಕಥೆಯೂ ಹಾಗೇ. ಒಳಗಿನ ಫೈಲುಗಳು ಸರಿಯಾಗಿಯೇ ಬಂದಿರುತ್ತವೆ. ಅದಕ್ಕೆ ಗುರುತು ಸಿಗದಿರುವುದು ಹೊಸ ಮನೆಯ ನಾಲ್ಕು ವಸ್ತು: ಡಿಸ್ಕ್ ಕಂಟ್ರೋಲರ್, ನೆಟ್‌ವರ್ಕ್ ಕಾರ್ಡ್, ಬೂಟ್ ಮಾಡಿಸುವ ಫರ್ಮ್‌ವೇರ್, ಗಡಿಯಾರ. ನಾನು ನೋಡಿದ ಹೆಚ್ಚಿನ ತಕರಾರುಗಳು ಈ ನಾಲ್ಕರೊಳಗೇ ಬಂದಿವೆ. ಅದಕ್ಕೇ ಹೇಳುವುದು, ಮೊದಲು ಪರದೆ ಏನು ಹೇಳುತ್ತಿದೆ ಅಂತ ಓದಿ. ರೀಇನ್‌ಸ್ಟಾಲ್ ಮಾತು ಆಮೇಲೆ.

ಈ ವರ್ಗಾವಣೆ ಈಗ ಇಷ್ಟು ಜಾಸ್ತಿ ಆಗಿರುವುದಕ್ಕೆ ಕಾರಣ ಇದೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡಿತು. ಡಿಸೆಂಬರ್‌ನಲ್ಲಿ, ಒಮ್ಮೆ ಕೊಂಡರೆ ಕಾಯಂ ನಮ್ಮದಾಗುವ ಲೈಸೆನ್ಸ್ ಮಾರುವುದು ನಿಂತಿತು. ವಿಎಂವೇರ್‌ನ ಸರ್ವರ್ ಸಾಫ್ಟ್‌ವೇರ್ ವಿಸ್ಫಿಯರ್ 7ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಎರಡು ಮೂರು ಸರ್ವರ್ ಇಟ್ಟುಕೊಂಡ ಸಣ್ಣ ಕಂಪನಿಗಳು ಲಿನಕ್ಸ್‌ನಲ್ಲೇ ವಿಎಂ ನಡೆಸುವ ಕೆವಿಎಂ ಮೇಲೆ ಕಟ್ಟಿದ ಪ್ರಾಕ್ಸ್‌ಮಾಕ್ಸ್ ಕಡೆ ಹೊರಟಿವೆ. 2024ರಲ್ಲಿ ಅದಕ್ಕೆ ಇಎಸ್‌ಎಕ್ಸ್‌ಐನಿಂದ (ಸರ್ವರ್ ಮೇಲೆ ಕೂತು ವಿಎಂ ನಡೆಸುವ ವಿಎಂವೇರ್ ಸಾಫ್ಟ್‌ವೇರ್) ನೇರವಾಗಿ ಎಳೆದುಕೊಳ್ಳುವ ಇಂಪೋರ್ಟ್ ವಿಝಾರ್ಡ್ ಬಂದ ಮೇಲೆ ದಾರಿ ಇನ್ನೂ ಸಲೀಸಾಯಿತು. ಕೆಳಗಿರುವುದೆಲ್ಲ ಆ ದಾರಿಯಲ್ಲಿ ಎದುರಾಗುವ ತೊಂದರೆಗಳೇ.

ಏನನ್ನೂ ಮುಟ್ಟುವ ಮೊದಲು

ಹಳೆಯ ವಿಎಂ ಅಳಿಸಬೇಡಿ. ಅದನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಹಾಗೇ ಬಿಡಿ. ವಿಂಡೋಸ್ ಆದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಇಲ್ಲದಿದ್ದರೆ ಅರ್ಧ ನಿದ್ದೆಯಲ್ಲಿರುವ ಡಿಸ್ಕನ್ನೇ ಕಾಪಿ ಮಾಡಿದಂತಾಗುತ್ತದೆ.

ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ಚಾಲೂ ಮಾಡಬೇಡಿ. ಒಂದೇ ಐಪಿ, ಒಂದೇ ಹೆಸರು ಎರಡು ಕಡೆಯಿಂದ ಕೂಗಿದರೆ ಇಡೀ ಆಫೀಸಿನ ನೆಟ್‌ವರ್ಕ್ ಗಲಿಬಿಲಿ ಆಗುತ್ತದೆ. ಹೊಸ ವಿಎಂ ಮೊದಲ ಸಲ ಏಳಿಸುವಾಗ ಅದರ ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ‘ಡಿಸ್ಕನೆಕ್ಟ್’ ಟಿಕ್ ಹಾಕಿಟ್ಟರೆ ನೆಮ್ಮದಿ. ಕೇಬಲ್ ಕಿತ್ತಿಟ್ಟ ಹಾಗೆ ಅದು. ಭೋಸರಿಯಲ್ಲಿ ಹಳೆಯ ಸರ್ವರ್‌ನ ಪವರ್ ಬಟನ್ ಮೇಲೆ ಒಂದು ಚೀಟಿ ಅಂಟಿಸಿದ್ದೆವು. ‘ಚಾಲೂ ಮಾಡಬೇಡಿ’ ಅಂತ ಕನ್ನಡದಲ್ಲಿ, ಅದರ ಕೆಳಗೆ ‘ಚಾಲೂ ಕರೂ ನಕಾ’ ಅಂತ ಮರಾಠಿಯಲ್ಲಿ. ರಾತ್ರಿ ಪಾಳಿಯ ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಬಟನ್ ಒತ್ತಿಬಿಡಬಹುದು, ಅಲ್ವಾ?

ಇನ್ನೊಂದು ಎಚ್ಚರಿಕೆ ಇದೆ. ಇದನ್ನು ಎರಡು ಸಲ ಓದಿ. ಪ್ರಾಕ್ಸ್‌ಮಾಕ್ಸ್‌ನ ಹಾರ್ಡ್‌ವೇರ್ ಪಟ್ಟಿಯಲ್ಲಿ ಬಳಕೆಯಲ್ಲಿರುವ ಡಿಸ್ಕ್ ಮೇಲೆ ಕ್ಲಿಕ್ ಮಾಡಿದರೆ ಮೇಲೆ ‘ಡಿಟ್ಯಾಚ್’ ಅನ್ನುವ ಬಟನ್ ಕಾಣುತ್ತದೆ. ಅದನ್ನು ಒತ್ತಿದರೆ ಡಿಸ್ಕ್ ಬಿಡಿಸಿಕೊಂಡು ‘ಅನ್‌ಯೂಸ್ಡ್ ಡಿಸ್ಕ್’ ಆಗಿ ಪಟ್ಟಿಯ ಕೊನೆಗೆ ಹೋಗಿ ಕೂರುತ್ತದೆ. ಡೇಟಾಗೆ ಏನೂ ಆಗುವುದಿಲ್ಲ. ಈಗ ಅದೇ ಅನ್‌ಯೂಸ್ಡ್ ಡಿಸ್ಕ್ ಮೇಲೆ ಕ್ಲಿಕ್ ಮಾಡಿ ನೋಡಿ. ಅದೇ ಜಾಗದ ಬಟನ್ ಹೆಸರು ‘ರಿಮೂವ್’ ಅಂತ ಬದಲಾಗಿರುತ್ತದೆ. ಈಗ ಒತ್ತಿದರೆ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಇದನ್ನು ಮಾಡಬಾರದು. ಒತ್ತುವ ಮೊದಲು ಬಟನ್ ಹೆಸರನ್ನು ಬಾಯಿಬಿಟ್ಟು ಓದಿ.

ಲೈಟ್ ವಿಷಯ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ನೆಲ ಒದ್ದೆ ಇದ್ದರೆ ಸರ್ವರ್ ಬಿಚ್ಚಬೇಡಿ. ಬಿಚ್ಚುವುದಿದ್ದರೆ ಎರಡೂ ಪವರ್ ಕೇಬಲ್ ತೆಗೆದ ಮೇಲೆಯೇ. ಹಲವು ಸರ್ವರ್‌ಗಳಿಗೆ ಹಿಂದೆ ಎರಡು ಪವರ್ ಸಪ್ಲೈ ಇರುತ್ತವೆ ಅನ್ನುವುದು ಅವಸರದಲ್ಲಿ ಮರೆತುಹೋಗುತ್ತದೆ.

ಲಕ್ಷಣ: ಇಂಪೋರ್ಟ್ ಶುರುವಾಗುತ್ತಿಲ್ಲ, ಅಥವಾ ಆಮೆ ವೇಗ, ಅಥವಾ ನಡುವೆ 503 ಅಂತ ನಿಲ್ಲುತ್ತದೆ

ಮೊದಲು ಒಂದು ಲೆಕ್ಕ. ನಡುವಿನ ಸ್ವಿಚ್ ಒಂದು ಗಿಗಾಬಿಟ್‌ನದಾದರೆ ಸೆಕೆಂಡಿಗೆ 110 ಎಂಬಿ ಆಸುಪಾಸು ಸಿಕ್ಕರೆ ಹೆಚ್ಚು. 500 ಜಿಬಿ ಡಿಸ್ಕ್‌ಗೆ ಎಲ್ಲ ಸರಿ ಇದ್ದರೂ ಒಂದೂಕಾಲು ಗಂಟೆ ಬೇಕು. ಅಷ್ಟೇ ಹೊತ್ತು ಹಿಡಿದರೆ ಅದು ದೋಷ ಅಲ್ಲ, ಕಾಯಿರಿ.

ಅದಕ್ಕಿಂತ ಎಷ್ಟೋ ನಿಧಾನ ಇದ್ದರೆ ಮೂಲವನ್ನು ಹೇಗೆ ಸೇರಿಸಿದ್ದೀರಿ ನೋಡಿ. ಹಲವು ಇಎಸ್‌ಎಕ್ಸ್‌ಐಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವಿಸೆಂಟರ್‌ನ ವಿಳಾಸ ಕೊಟ್ಟಿದ್ದರೆ ಅದನ್ನು ತೆಗೆದು ಇಎಸ್‌ಎಕ್ಸ್‌ಐ ಹೋಸ್ಟಿನ (ವಿಎಂಗಳು ಓಡುವ ಸರ್ವರ್‌ನ) ವಿಳಾಸವನ್ನೇ ನೇರವಾಗಿ ಕೊಡಿ. ವಿಸೆಂಟರ್ ಮೂಲಕ ಬಂದರೆ ವೇಗ ಬಹಳ ಬೀಳುತ್ತದೆ. ಆಮೇಲೆ ಸ್ನ್ಯಾಪ್‌ಶಾಟ್ (ವಿಎಂನ ಒಂದು ಹೊತ್ತಿನ ಸ್ಥಿತಿ ಹಿಡಿದಿಟ್ಟದ್ದು) ನೋಡಿ. ಡಿಸ್ಕ್ ಫೈಲಿನ ಹೆಸರಿನ ಕೊನೆಗೆ 000001 ಅಂತ ಇದ್ದರೆ ಸ್ನ್ಯಾಪ್‌ಶಾಟ್ ಉಳಿದಿದೆ ಅಂತ ಅರ್ಥ. ಅದನ್ನು ಇಎಸ್‌ಎಕ್ಸ್‌ಐ ಕಡೆಯಲ್ಲೇ ವಿಲೀನ ಮಾಡಿ, ಆಮೇಲೆ ತನ್ನಿ. ವಿಲೀನ ಮಾಡುವಾಗ ಎರರ್ ಬಂದರೆ ಅಲ್ಲಿಗೇ ನಿಲ್ಲಿಸಿ. ಅದು ಸ್ನ್ಯಾಪ್‌ಶಾಟ್ ಸರಪಳಿಯದೇ ತೊಂದರೆ, ಬ್ಯಾಕಪ್ ಇಲ್ಲದೆ ಕೈ ಹಾಕುವ ಜಾಗ ಅಲ್ಲ.

503 ಬಂದರೆ ಇಎಸ್‌ಎಕ್ಸ್‌ಐ "ಸಾಕು, ಇಷ್ಟು ಜನ ಒಟ್ಟಿಗೆ ಬರಬೇಡಿ" ಅನ್ನುತ್ತಿದೆ. ಅದು ತನ್ನ ಕಡೆ ಬರುವ ಸಂಪರ್ಕಗಳಿಗೆ ಮಿತಿ ಹಾಕುತ್ತದೆ. ಒಂದೇ ಸಲಕ್ಕೆ ನಾಲ್ಕು ಡಿಸ್ಕ್‌ಗಿಂತ ಹೆಚ್ಚು ಎಳೆಯಬೇಡಿ. ನಾನಂತೂ ಒಂದೊಂದಾಗಿಯೇ ತರುತ್ತೇನೆ. ಡೇಟಾಸ್ಟೋರ್ (ಇಎಸ್‌ಎಕ್ಸ್‌ಐ ಡಿಸ್ಕ್ ಫೈಲ್ ಇಡುವ ಜಾಗ) ಹೆಸರಿನಲ್ಲಿ ಪ್ಲಸ್ ಥರದ ಚಿಹ್ನೆ ಇದ್ದರೂ ವಿಝಾರ್ಡ್ ಮುಗ್ಗರಿಸುತ್ತದೆ. ಹೆಸರು ಬದಲಿಸಿದರೆ ಆಯಿತು. ಡಿಸ್ಕ್ ವಿಸ್ಯಾನ್ (ಹಲವು ಸರ್ವರ್‌ಗಳ ಡಿಸ್ಕ್ ಸೇರಿಸಿ ಮಾಡಿದ ವಿಎಂವೇರ್ ಸಂಗ್ರಹ) ಮೇಲಿದ್ದರೆ ವಿಝಾರ್ಡ್ ಅದನ್ನು ಓದುವುದೇ ಇಲ್ಲ. ಮೊದಲು ಮಾಮೂಲಿ ಡೇಟಾಸ್ಟೋರ್‌ಗೆ ಸರಿಸಿಕೊಳ್ಳಬೇಕು.

‘ಲೈವ್ ಇಂಪೋರ್ಟ್’ ಅನ್ನುವ ಆಯ್ಕೆ ಆಸೆ ಹುಟ್ಟಿಸುತ್ತದೆ. ಕಾಪಿ ಮುಗಿಯುವ ಮೊದಲೇ ವಿಎಂ ಎದ್ದುಬಿಡುತ್ತದೆ. ಆದರೆ ನಡುವೆ ಕೈಕೊಟ್ಟರೆ, ಶುರುವಾದಾಗಿನಿಂದ ಜನ ಬರೆದ ಡೇಟಾ ಎಲ್ಲ ಹೋಗುತ್ತದೆ. ಲೆಕ್ಕಪತ್ರದ ಸರ್ವರ್‌ಗೆ ಇದು ಬೇಡವೇ ಬೇಡ.

ಲಕ್ಷಣ: ಕಪ್ಪು ಪರದೆ, ‘ನೋ ಬೂಟಬಲ್ ಡಿವೈಸ್’

ಭಯಪಡಿಸುವ ಸಾಲು ಇದು. ಕಾರಣ ಮಾತ್ರ ಬಹಳ ಸಲ ತೀರಾ ಸಣ್ಣದು. ವಿಎಂ ಆಪ್ಷನ್ಸ್‌ನಲ್ಲಿ ಬೂಟ್ ಆರ್ಡರ್ ತೆಗೆದು, ನಿಮ್ಮ ಡಿಸ್ಕ್ ಎದುರು ಟಿಕ್ ಇದೆಯಾ ನೋಡಿ. ಡಿಸ್ಕನ್ನು ಒಂದು ಬಸ್‌ನಿಂದ ಇನ್ನೊಂದಕ್ಕೆ ಹಾಕಿದಾಗ ಈ ಟಿಕ್ ಹಾಕುವುದು ಮರೆತೇ ಹೋಗುತ್ತದೆ.

ಟಿಕ್ ಇದ್ದರೂ ಏಳದಿದ್ದರೆ ಫರ್ಮ್‌ವೇರ್ ನೋಡಿ. ಹಳೆಯ ಇಎಸ್‌ಎಕ್ಸ್‌ಐನಲ್ಲಿ ಆ ವಿಎಂನ ಸೆಟ್ಟಿಂಗ್ ತೆಗೆದರೆ ಬೂಟ್ ಆಪ್ಷನ್ಸ್ ಅಡಿ ಬಯೋಸ್ ಅಥವಾ ಇಎಫ್‌ಐ ಅಂತ ಬರೆದಿರುತ್ತದೆ. ಇದನ್ನು ನೋಡಲು ಹಳೆಯದನ್ನು ಚಾಲೂ ಮಾಡಬೇಕಿಲ್ಲ. ಅಲ್ಲಿ ಬಯೋಸ್ ಇದ್ದರೆ ಇಲ್ಲಿ ಸೀಬಯೋಸ್. ಅಲ್ಲಿ ಇಎಫ್‌ಐ ಇದ್ದರೆ ಇಲ್ಲಿ ಓವಿಎಂಎಫ್. ವಿಝಾರ್ಡ್ ಬಳಸದೆ ಡಿಸ್ಕ್ ಫೈಲನ್ನು ಕೈಯಾರೆ ತಂದು ಹೊಸ ವಿಎಂಗೆ ಜೋಡಿಸಿದವರಿಗೆ ಇದು ಜಾಸ್ತಿ ಕಾಡುತ್ತದೆ. ಹೊಸ ವಿಎಂ ಮಾಡುವಾಗ ಸುಮ್ನೆ ಬಿಟ್ಟರೆ ಸೀಬಯೋಸ್ ಕೂರುತ್ತದೆ.

ಓವಿಎಂಎಫ್ ಹಾಕಿದ ಮೇಲೂ ಹಳದಿ ಅಕ್ಷರಗಳ ಇಎಫ್‌ಐ ಶೆಲ್‌ಗೆ ಬಂದು ನಿಂತರೆ? ಯಾವ ಫೈಲಿನಿಂದ ಬೂಟ್ ಆಗಬೇಕು ಅನ್ನುವ ನೆನಪು ಹಳೆಯ ವಿಎಂನ ಫರ್ಮ್‌ವೇರ್ ಒಳಗಿತ್ತು, ಡಿಸ್ಕ್ ಒಳಗಲ್ಲ. ಅದು ಜೊತೆಗೆ ಬಂದಿಲ್ಲ. ಮೊದಲು ಹಾರ್ಡ್‌ವೇರ್‌ನಲ್ಲಿ ಇಎಫ್‌ಐ ಡಿಸ್ಕ್ ಸೇರಿಸಿ. ಇಲ್ಲದಿದ್ದರೆ ನೀವು ಹೇಳಿಕೊಟ್ಟದ್ದು ಅದಕ್ಕೆ ನೆನಪಿರುವುದಿಲ್ಲ. ಆಮೇಲೆ ವಿಎಂ ಚಾಲೂ ಮಾಡಿ, ಲೋಗೋ ಬಂದ ಕೂಡಲೇ ಎಸ್ಕೇಪ್ ಒತ್ತಿ. ಬೂಟ್ ಮೆಂಟೆನೆನ್ಸ್ ಮ್ಯಾನೇಜರ್ ಒಳಗೆ ಬೂಟ್ ಆಯ್ಕೆ ಸೇರಿಸುವ ಜಾಗ ಇದೆ. ಅಲ್ಲಿ ಇಎಫ್‌ಐ ಫೋಲ್ಡರ್ ತೆಗೆದು, ನಿಮ್ಮ ಲಿನಕ್ಸ್‌ನ ಹೆಸರಿನ ಫೋಲ್ಡರಿನಲ್ಲಿರುವ, ಲಿನಕ್ಸ್ ಬೂಟ್ ಮಾಡಿಸುವ ಗ್ರಬ್ ಫೈಲ್ ತೋರಿಸಿ ಉಳಿಸಿ. ಡೆಬಿಯನ್ ವಿಎಂಗಳಲ್ಲಿ ಇದನ್ನು ಹಲವು ಸಲ ಮಾಡಿದ್ದೇನೆ. ಐದು ನಿಮಿಷದ ಕೆಲಸ.

ಲಕ್ಷಣ: ವಿಂಡೋಸ್ ನೀಲಿ ಪರದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’, ಅಥವಾ ಕೊನೆಗೆ 7ಬಿ ಬರುವ ಕೋಡ್

ಭೋಸರಿಯಲ್ಲಿ ಅವತ್ತು ಬಂದದ್ದು ಇದೇ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿಂಡೋಸ್ ಬೂಟ್ ಆಗುವಾಗ ಎಲ್ಲ ಡ್ರೈವರ್ ಲೋಡ್ ಮಾಡುವುದಿಲ್ಲ. ತಾನು ಯಾವ ಡಿಸ್ಕ್ ಕಂಟ್ರೋಲರ್‌ನಿಂದ ಬೂಟ್ ಆಗುತ್ತಿದ್ದೆ ಅಂತ ಗುರುತಿಟ್ಟುಕೊಂಡು, ಅದಕ್ಕೆ ಬೇಕಾದ್ದನ್ನಷ್ಟೇ ಮೊದಲು ಎತ್ತಿಕೊಳ್ಳುತ್ತದೆ. ವಿಎಂವೇರ್‌ನಲ್ಲಿ ಅದು ಎಲ್‌ಎಸ್‌ಐ ಲಾಜಿಕ್ ಅಥವಾ ಪಿವಿಸ್ಕಸಿ ಆಗಿತ್ತು. ಇಲ್ಲಿ ನೀವು ವರ್ಟ್‌ಐಓ ಸ್ಕಸಿ ಕೊಟ್ಟಿದ್ದೀರಿ, ವಿಎಂಗಳಿಗೆಂದೇ ಮಾಡಿದ ವೇಗದ ಕಂಟ್ರೋಲರ್ ಅದು. ಆ ಹೆಸರನ್ನೇ ಅದು ಕೇಳಿಲ್ಲ. ತನ್ನ ಡಿಸ್ಕ್ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಅದಕ್ಕೆ ನೀಲಿ ಪರದೆ.

ಹಾಗಾಗಿ ರಿಪೇರಿ ಎರಡು ಹಂತ. ಮೊದಲು ಅದಕ್ಕೆ ಗೊತ್ತಿರುವ ಬಾಗಿಲಿನಿಂದ ಒಳಗೆ ಕರೆಯುವುದು. ಒಳಗೆ ಬಂದ ಮೇಲೆ ಹೊಸ ಬಾಗಿಲಿನ ಪರಿಚಯ ಮಾಡಿಸುವುದು.

ವಿಎಂ ನಿಲ್ಲಿಸಿ. ಬೂಟ್ ಡಿಸ್ಕನ್ನು ಡಿಟ್ಯಾಚ್ ಮಾಡಿ. ಕೆಳಗೆ ಅನ್‌ಯೂಸ್ಡ್ ಆಗಿ ಕಾಣುವ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಬಸ್ ಅನ್ನುವ ಕಡೆ ಸಾಟಾ ಆರಿಸಿ ಸೇರಿಸಿ. ಬೂಟ್ ಆರ್ಡರ್‌ನಲ್ಲಿ ಟಿಕ್ ಹಾಕಿ. ಚಾಲೂ ಮಾಡಿ. ಸಾಟಾ ಡ್ರೈವರ್ ವಿಂಡೋಸ್ ಒಳಗೇ ಇರುತ್ತದೆ, ಎದ್ದೇಳುತ್ತದೆ. ವಿಂಡೋಸ್ ಸರ್ವರ್ 2003ರಂಥ ತೀರಾ ಹಳೆಯದಾದರೆ ಸಾಟಾ ಬದಲು ಐಡಿಇ.

ಈಗ ಎರಡನೆಯ ಹಂತ. ವಿಎಂಗೆ 1 ಜಿಬಿಯ ಒಂದು ಖಾಲಿ ಡಿಸ್ಕ್ ಸೇರಿಸಿ, ಬಸ್ ಸ್ಕಸಿ, ಕಂಟ್ರೋಲರ್ ವರ್ಟ್‌ಐಓ ಸ್ಕಸಿ ಸಿಂಗಲ್. ಸಿಡಿ ಡ್ರೈವ್‌ನಲ್ಲಿ ವರ್ಟ್‌ಐಓ-ವಿನ್ ಐಎಸ್‌ಓ ಹಾಕಿ. ಫೆಡೋರಾ ಯೋಜನೆಯವರು ಇದನ್ನು ಪುಕ್ಕಟೆ ಕೊಡುತ್ತಾರೆ. ಸರ್ವರ್ 2008 ಆರ್2 ಇದ್ದರೆ ಹೊಸ ಐಎಸ್‌ಓ ನಡೆಯುವುದಿಲ್ಲ, 0.1.173 ಆವೃತ್ತಿ ಹುಡುಕಿಕೊಳ್ಳಿ. ಇನ್‌ಸ್ಟಾಲರ್ ಓಡಿಸಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ಆ 1 ಜಿಬಿ ಡಿಸ್ಕ್ ಕಾಣುತ್ತಿದೆಯಾ ನೋಡಿ. ಕಂಡರೆ ವಿಂಡೋಸ್‌ಗೆ ಹೊಸ ಕಂಟ್ರೋಲರ್‌ನ ಗುರುತು ಸಿಕ್ಕಿತು.

ಬಹಳ ಜನ ತಪ್ಪುವುದು ಇಲ್ಲೇ. ಡ್ರೈವರ್ ಇನ್‌ಸ್ಟಾಲ್ ಮಾಡಿದರೆ ಸಾಕು, ಖಾಲಿ ಡಿಸ್ಕ್ ಯಾಕೆ ಅಂತ ಕೇಳುತ್ತಾರೆ. ಎದುರಿಗೆ ಆ ಕಂಟ್ರೋಲರ್ ಇಲ್ಲದಿದ್ದರೆ ಡ್ರೈವರ್ ಫೈಲ್ ಮೂಲೆಯಲ್ಲಿ ಬಿದ್ದಿರುತ್ತದೆ, ಬೂಟ್ ಹೊತ್ತಿಗೆ ಕೆಲಸಕ್ಕೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಖಾಲಿ ಡಿಸ್ಕ್ ಕೊಟ್ಟಾಗಲೇ ಅದು ಜಾಗ ಹಿಡಿದು ಕೂರುವುದು.

ಶಟ್‌ಡೌನ್ ಮಾಡಿ. ಬೂಟ್ ಡಿಸ್ಕನ್ನು ಸಾಟಾದಿಂದ ಡಿಟ್ಯಾಚ್ ಮಾಡಿ, ಸ್ಕಸಿಯಾಗಿ ಸೇರಿಸಿ, ಬೂಟ್ ಆರ್ಡರ್ ಮತ್ತೆ ಟಿಕ್ ಮಾಡಿ. ಎದ್ದ ಮೇಲೆ 1 ಜಿಬಿ ಡಿಸ್ಕ್ ತೆಗೆಯಿರಿ. ತೆಗೆಯುವ ಮೊದಲು ಅದರ ಅಳತೆ 1 ಜಿಬಿ ಅಂತ ಪಟ್ಟಿಯಲ್ಲಿ ಓದಿಕೊಳ್ಳಿ.

ಇನ್ನೂ ವರ್ಗಾವಣೆ ಮಾಡಿರದವರಿಗೆ ಒಂದು ಮಾತು. ಇಂಪೋರ್ಟ್ ವಿಝಾರ್ಡಿನ ಅಡ್ವಾನ್ಸ್ಡ್ ಪುಟದಲ್ಲಿ ‘ಪ್ರಿಪೇರ್ ಫಾರ್ ವರ್ಟ್‌ಐಓ-ಸ್ಕಸಿ’ ಅಂತ ಒಂದು ಟಿಕ್ ಇದೆ. ಅದು ಡಿಸ್ಕ್‌ಗಳನ್ನು ಸಾಟಾಗೆ ಹಾಕಿ, ಕಂಟ್ರೋಲರ್ ಮಾತ್ರ ವರ್ಟ್‌ಐಓ ಇಡುತ್ತದೆ. ಮೊದಲ ಹಂತ ಅಲ್ಲೇ ಮುಗಿಯುತ್ತದೆ. ವಿಎಂವೇರ್ ಟೂಲ್ಸ್ ಅನ್ನೂ ಹಳೆಯ ಮನೆಯಲ್ಲೇ ತೆಗೆದುಬಿಡಿ. ಇಲ್ಲಿಗೆ ಬಂದ ಮೇಲೆ ಅದರ ಅನ್‌ಇನ್‌ಸ್ಟಾಲರ್ "ನಾನು ವಿಎಂವೇರ್ ಮೇಲಿಲ್ಲ" ಅಂತ ಹಟ ಹಿಡಿಯುತ್ತದೆ.

ಲಕ್ಷಣ: ನೀಲಿ ಪರದೆಯೇ, ಆದರೆ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತಿದೆ

ಇದು ದೋಷ ಅಲ್ಲ, ವಿಂಡೋಸ್ ಡಿಸ್ಕಿಗೆ ಹಾಕಿದ ಬೀಗ. ವಿಎಂನ ಟಿಪಿಎಂ (ಬೀಗದ ಕೀ ಕಾಯುವ ಚಿಪ್) ಒಳಗಿನ ಗುಟ್ಟು ಜೊತೆಗೆ ಬರುವುದಿಲ್ಲ. 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ಡೊಮೇನ್‌ನಲ್ಲಿ (ಆಫೀಸಿನ ಲಾಗಿನ್‌ಗಳನ್ನೆಲ್ಲ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ), ಮೈಕ್ರೋಸಾಫ್ಟ್ ಖಾತೆಯಲ್ಲಿ, ಅಥವಾ ಯಾರಾದರೂ ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟಿದ್ದಾರಾ ನೋಡಿ. ಸಿಗದಿದ್ದರೆ ಹೊಸ ವಿಎಂ ಪೂರ್ತಿ ನಿಲ್ಲಿಸಿ, ಹಳೆಯದನ್ನು ಚಾಲೂ ಮಾಡಿ, ಅಲ್ಲಿಂದ ಕೀ ಬರೆದುಕೊಳ್ಳಿ. ಹಳೆಯ ವಿಎಂ ಅಳಿಸಬೇಡಿ ಅಂತ ಮೇಲೆ ಹೇಳಿದ್ದು ಇಂಥ ಹೊತ್ತಿಗೇ.

ಲಕ್ಷಣ: ಲಿನಕ್ಸ್ ಅರ್ಧಕ್ಕೆ ನಿಂತು ‘ಡ್ರಾಕಟ್’ ಅಥವಾ ‘ಎಮರ್ಜೆನ್ಸಿ ಮೋಡ್’ ತೋರಿಸುತ್ತದೆ

ಕಾರಣ ವಿಂಡೋಸ್‌ನದ್ದೇ, ವೇಷ ಬೇರೆ. ರೆಡ್‌ಹ್ಯಾಟ್, ಸೆಂಟ್‌ಓಎಸ್, ಅಲ್ಮಾ, ರಾಕಿ ಬಳಗದವು ಬೂಟ್ ಇಮೇಜ್ ಮಾಡುವಾಗ ಆ ಹೊತ್ತಿನ ಹಾರ್ಡ್‌ವೇರ್‌ಗೆ ಬೇಕಾದ ಡ್ರೈವರ್ ಮಾತ್ರ ತುಂಬುತ್ತವೆ. ವರ್ಟ್‌ಐಓ ಅದರಲ್ಲಿ ಇರುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಸಾಮಾನ್ಯವಾಗಿ ಎಲ್ಲ ತುಂಬಿರುತ್ತದೆ, ಹಾಗಾಗಿ ಅವು ತಕರಾರಿಲ್ಲದೆ ಏಳುತ್ತವೆ.

ಸುಲಭದ ದಾರಿ ಗ್ರಬ್ ಮೆನುವಿನಲ್ಲೇ ಇದೆ. ಪಟ್ಟಿಯ ಕೊನೆಯಲ್ಲಿ ‘ರೆಸ್ಕ್ಯೂ’ ಅಂತ ಒಂದು ಸಾಲು ಇರುತ್ತದೆ. ಅದರ ಇಮೇಜಿನಲ್ಲಿ ಎಲ್ಲ ಡ್ರೈವರ್ ಇರುತ್ತವೆ. ಅದನ್ನು ಆರಿಸಿ ಒಳಗೆ ಬನ್ನಿ, ಬೂಟ್ ಇಮೇಜ್ ಮಾಡುವ ಡ್ರಾಕಟ್ ಆಜ್ಞೆಯನ್ನು ‘ರೀಜನರೇಟ್ ಆಲ್’ ಮತ್ತು ‘ಫೋರ್ಸ್’ ಆಯ್ಕೆಗಳ ಜೊತೆ ಓಡಿಸಿ, ರೀಬೂಟ್ ಮಾಡಿ. ಮುಗಿಯಿತು.

ಎಮರ್ಜೆನ್ಸಿ ಮೋಡ್‌ಗೆ ಬಂದು ಪಾಸ್‌ವರ್ಡ್ ಕೇಳಿದರೆ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲ್ ನೋಡಿ. ಅಲ್ಲಿ ಡಿಸ್ಕನ್ನು ‘ಎಸ್‌ಡಿಬಿ1’ ಅಂತ ಬರೆದಿದ್ದರೆ, ಈಗ ಆ ಹೆಸರು ಬದಲಾಗಿರಬಹುದು. ವರ್ಟ್‌ಐಓ ಬ್ಲಾಕ್ ಆದರೆ ಹೆಸರು ‘ವಿಡಿ’ ಇಂದ ಶುರುವಾಗುತ್ತದೆ. ಹೆಸರಿನ ಬದಲು ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಬರೆಯಿರಿ, ಮುಂದೆಂದೂ ಈ ತೊಂದರೆ ಬರುವುದಿಲ್ಲ. ಫೈಲ್‌ಸಿಸ್ಟಮ್ ಕೆಟ್ಟಿದೆ, ಅದನ್ನು ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸು ಅಂತ ಕೇಳಿದರೆ ಮಾತ್ರ ಒಪ್ಪುವ ಮೊದಲು ಡಿಸ್ಕ್‌ನ ಒಂದು ಪ್ರತಿ ತೆಗೆದಿಡಿ.

‘ಫೇಟಲ್ ಜಿಲಿಬ್‌ಸಿ ಎರರ್’ ಅಂತ ಬಂದು ಕರ್ನಲ್ ಪ್ಯಾನಿಕ್ ಆದರೆ ಡಿಸ್ಕ್ ಬಿಟ್ಟುಬಿಡಿ, ಸಿಪಿಯು ಮಾದರಿ ನೋಡಿ. ಹಳೆಯ ಕೆವಿಎಂ64 ಮಾದರಿ ಕೊಟ್ಟಿದ್ದರೆ ರೆಡ್‌ಹ್ಯಾಟ್ 9ರ ಬಳಗ ಏಳುವುದಿಲ್ಲ. ಎಕ್ಸ್86-64-ವಿ2-ಎಇಎಸ್ ಅಥವಾ ‘ಹೋಸ್ಟ್’ ಆರಿಸಿ.

ಲಕ್ಷಣ: ವಿಎಂ ಎದ್ದಿದೆ, ನೆಟ್‌ವರ್ಕ್ ಇಲ್ಲ

ಮೊದಲು ಆ ‘ಡಿಸ್ಕನೆಕ್ಟ್’ ಟಿಕ್ ತೆಗೆದಿದ್ದೀರಾ ನೋಡಿ. ಇಲ್ಲೇ ಅರ್ಧ ಗಂಟೆ ಕಳೆದವರಿದ್ದಾರೆ.

ಲಿನಕ್ಸ್ ಆದರೆ ಕಾರ್ಡಿನ ಹೆಸರು ಬದಲಾಗಿರುತ್ತದೆ. ವಿಎಂವೇರ್‌ನಲ್ಲಿ ಸಾಮಾನ್ಯವಾಗಿ ಇಎನ್‌ಎಸ್192 ಇದ್ದದ್ದು ಪ್ರಾಕ್ಸ್‌ಮಾಕ್ಸ್‌ನಲ್ಲಿ ಇಎನ್‌ಎಸ್18 ಆಗುತ್ತದೆ. ಐಪಿ ಸೆಟ್ಟಿಂಗ್ ಇನ್ನೂ ಹಳೆಯ ಹೆಸರಿಗೇ ಅಂಟಿಕೊಂಡಿದೆ. ನೆಟ್‌ಪ್ಲಾನ್ ಫೈಲಿನಲ್ಲೋ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲೋ ಹೆಸರು ತಿದ್ದಿ. ಎರಡು ನಿಮಿಷದ ಕೆಲಸ.

ವಿಂಡೋಸ್‌ನಲ್ಲಿ ನೀವು ಹಳೆಯ ಐಪಿ ಹಾಕಲು ಹೋದರೆ "ಈ ವಿಳಾಸ ಬೇರೊಂದು ಅಡಾಪ್ಟರ್‌ಗೆ ಕೊಟ್ಟಾಗಿದೆ" ಅನ್ನುತ್ತದೆ. ಆ ಇನ್ನೊಂದು ಅಡಾಪ್ಟರ್ ಕಣ್ಣಿಗೆ ಕಾಣುವುದಿಲ್ಲ. ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿ. ಮಸುಕಾಗಿ ಹಳೆಯ ವಿಎಂಎಕ್ಸ್‌ನೆಟ್3 ಕಾಣುತ್ತದೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ ಐಪಿ ಹಾಕಿ.

ಐಪಿ ಸರಿ ಇದೆ, ವಿಎಂನಿಂದ ಹೊರಗೆ ಹೋಗುತ್ತದೆ, ಆದರೆ ಬೇರೆಯವರಿಗೆ ಅದರ ಶೇರ್ ಫೋಲ್ಡರ್ ಸಿಗುತ್ತಿಲ್ಲ ಅಂದರೆ? ಹೊಸ ಕಾರ್ಡ್ ಕಂಡ ವಿಂಡೋಸ್ ಈ ನೆಟ್‌ವರ್ಕನ್ನು ‘ಪಬ್ಲಿಕ್’ ಅಂದುಕೊಂಡು ಫೈರ್‌ವಾಲ್ ಬಿಗಿ ಮಾಡಿರುತ್ತದೆ. ‘ಪ್ರೈವೇಟ್’ ಮಾಡಿ. ಫೈರ್‌ವಾಲನ್ನೇ ಆಫ್ ಮಾಡುವ ಅಭ್ಯಾಸ ದಯವಿಟ್ಟು ಬೇಡ.

ಇವೆಲ್ಲ ಸರಿ ಇದ್ದೂ ಗೇಟ್‌ವೇವರೆಗೂ ಪಿಂಗ್ ಹೋಗದಿದ್ದರೆ ವಿಲ್ಯಾನ್, ಅಂದರೆ ಒಂದೇ ಸ್ವಿಚ್ಚಿನ ಮೇಲೆ ಸಂಖ್ಯೆ ಕೊಟ್ಟು ಬೇರೆ ಮಾಡಿದ ನೆಟ್‌ವರ್ಕ್. ಇಎಸ್‌ಎಕ್ಸ್‌ಐನಲ್ಲಿ ಆ ಸಂಖ್ಯೆ ಪೋರ್ಟ್ ಗ್ರೂಪ್ ಮೇಲೆ ಇರುತ್ತಿತ್ತು, ವಿಎಂ ಜೊತೆ ಬಂದಿರುವುದಿಲ್ಲ. ಇಲ್ಲಿ ಬ್ರಿಡ್ಜ್‌ಗೆ ‘ವಿಲ್ಯಾನ್ ಅವೇರ್’ ಟಿಕ್ ಹಾಕಿ, ವಿಎಂನ ಕಾರ್ಡಿನಲ್ಲಿ ಟ್ಯಾಗ್ ಬರೆಯಿರಿ. ಸ್ವಿಚ್ಚಿನಲ್ಲಿ ಹೊಸ ಹೋಸ್ಟ್ ಸಿಕ್ಕಿಸಿದ ಪೋರ್ಟ್ ಟ್ರಂಕ್ (ಹಲವು ವಿಲ್ಯಾನ್ ಒಟ್ಟಿಗೆ ಒಯ್ಯುವಂಥದ್ದು) ಆಗಿದೆಯಾ ಅಂತ ಸ್ವಿಚ್ ನೋಡಿಕೊಳ್ಳುವವರನ್ನು ಕೇಳಿ. ಅವರಿಲ್ಲದೆ ಸ್ವಿಚ್ಚಿಗೆ ಕೈ ಹಾಕಬೇಡಿ.

ಲಕ್ಷಣ: ಸಿ ಡ್ರೈವ್ ಇದೆ, ಡಿ ಡ್ರೈವ್ ಮಾಯ

ಅಕೌಂಟ್ಸ್ ನೋಡುವ ಅಕ್ಕ ಬೆಳಿಗ್ಗೆ ಬಂದು "ಸರ, ಡಿ ಒಳಗ ಏನೂ ಕಾಣವಲ್ದು" ಅಂದಾಗ ಎದೆ ಧಸಕ್ಕೆನ್ನುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆಯಿರಿ. ಎರಡನೆಯ ಡಿಸ್ಕ್ ‘ಆಫ್‌ಲೈನ್’ ಅಂತ ಇದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಆನ್‌ಲೈನ್’ ಕೊಡಿ. ಹೊಸ ಬಸ್ ಮೇಲೆ ಕಂಡ ಡಿಸ್ಕನ್ನು ವಿಂಡೋಸ್ ಸರ್ವರ್ ತಾನಾಗಿ ತೆರೆಯುವುದಿಲ್ಲ, ಅಷ್ಟೇ. ‘ಇನಿಷಿಯಲೈಸ್’ ಮಾಡಲೇ ಅಂತ ಕೇಳಿದರೆ ಮಾತ್ರ ಖಂಡಿತ ಬೇಡ ಅನ್ನಿ. ಫಾರ್ಮ್ಯಾಟ್‌ಗೂ ಹಾಗೇ. ಹಾಗೆ ಕೇಳುತ್ತಿದೆ ಅಂದರೆ ಡಿಸ್ಕ್ ಸರಿಯಾಗಿ ಬಂದಿಲ್ಲ. ಇಂಪೋರ್ಟ್ ಲಾಗ್ ನೋಡಿ, ಹಳೆಯದರಿಂದ ಮತ್ತೆ ತನ್ನಿ.

ಲಕ್ಷಣ: ಗಡಿಯಾರ ಐದೂವರೆ ಗಂಟೆ ಹಿಂದೆ, ಡೊಮೇನ್ ಲಾಗಿನ್ ಆಗುತ್ತಿಲ್ಲ

ನಿಖರವಾಗಿ ಐದೂವರೆ ಗಂಟೆ ವ್ಯತ್ಯಾಸ ಕಂಡರೆ ಬೇರೇನೂ ಹುಡುಕಬೇಡಿ. ವಿಂಡೋಸ್ ತನ್ನ ಹಾರ್ಡ್‌ವೇರ್ ಗಡಿಯಾರದಲ್ಲಿ ಭಾರತದ ಸಮಯ ಇದೆ ಅಂತ ನಂಬುತ್ತದೆ. ವಿಎಂನ ಓಎಸ್ ಟೈಪ್ ತಪ್ಪಿ ಲಿನಕ್ಸ್ ಅಂತ ಇದ್ದರೆ ಪ್ರಾಕ್ಸ್‌ಮಾಕ್ಸ್ ಅಲ್ಲಿ ಯುಟಿಸಿ ಕೊಡುತ್ತದೆ. ಆಪ್ಷನ್ಸ್‌ನಲ್ಲಿ ಓಎಸ್ ಟೈಪ್ ವಿಂಡೋಸ್ ಮಾಡಿ, ಪೂರ್ತಿ ನಿಲ್ಲಿಸಿ ಚಾಲೂ ಮಾಡಿ. ಡೊಮೇನ್ ಲಾಗಿನ್ ಪರೀಕ್ಷಿಸುವ ಕರ್ಬೆರೋಸ್ ಸಾಮಾನ್ಯವಾಗಿ ಐದು ನಿಮಿಷದ ವ್ಯತ್ಯಾಸವನ್ನಷ್ಟೇ ಸಹಿಸುತ್ತದೆ. ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಆಗದಿರುವುದು ಅದಕ್ಕೇ. ಬಿಲ್ಲಿಂಗ್ ನಡೆಯುವ ಸರ್ವರ್ ಆದರೆ ಇದನ್ನು ಸರಿ ಮಾಡುವವರೆಗೆ ಯಾರಿಗೂ ಎಂಟ್ರಿ ಮಾಡಲು ಬಿಡಬೇಡಿ. ತಪ್ಪು ಹೊತ್ತು ಬಿದ್ದ ಬಿಲ್ಲುಗಳನ್ನು ಆಮೇಲೆ ತಿದ್ದುವುದು ದೊಡ್ಡ ಕಷ್ಟ.

ಲಕ್ಷಣ: ಎಲ್ಲ ನಡೆಯುತ್ತಿದೆ, ಆದರೆ ಮೊದಲಿಗಿಂತ ನಿಧಾನ

ಹೆಚ್ಚಾಗಿ ಡಿಸ್ಕ್ ಇನ್ನೂ ಸಾಟಾ ಮೇಲೇ ಉಳಿದಿರುತ್ತದೆ. ಎದ್ದಿತಲ್ಲ ಅಂತ ಖುಷಿಯಲ್ಲಿ ಎರಡನೆಯ ಹಂತ ಬಿಟ್ಟಿರುತ್ತಾರೆ. ನೆಟ್‌ವರ್ಕ್ ಕಾರ್ಡ್ ಇ1000 ಇದ್ದರೆ ಅದನ್ನೂ ವರ್ಟ್‌ಐಓ ಮಾಡಿ. ಸಿಪಿಯು ಮಾದರಿ ‘ಹೋಸ್ಟ್’ ಕೊಟ್ಟು ನೋಡಬಹುದು. ಬೇರೆ ಬೇರೆ ಪೀಳಿಗೆಯ ಸಿಪಿಯು ಇರುವ ಎರಡು ಹೋಸ್ಟ್‌ಗಳ ನಡುವೆ ಓಡುತ್ತಿರುವ ವಿಎಂ ಸರಿಸಬೇಕು ಅಂತಿದ್ದರೆ ಅದು ಬೇಡ.

ಇಷ್ಟಾದರೂ ನಿಧಾನವೇ ಇದ್ದು, ಹೋಸ್ಟ್ ಝಡ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್ ಮೇಲಿದ್ದರೆ ಎರಡು ನೋಡಿ. ಒಂದು, ಎಸ್‌ಎಸ್‌ಡಿ ಯಾವುದು? ಲ್ಯಾಪ್‌ಟಾಪ್‌ಗೆ ಹಾಕುವ ಅಗ್ಗದ ಎಸ್‌ಎಸ್‌ಡಿ ಡೇಟಾಬೇಸ್ ಬರೆಯುವ ಭಾರಕ್ಕೆ ಉಸಿರುಗಟ್ಟುತ್ತದೆ. ಸೆಟ್ಟಿಂಗ್ ತಿದ್ದಿ ಅದನ್ನು ಸರಿ ಮಾಡಲಾಗದು, ಬದಲಿಸಲೇಬೇಕು. ಎರಡು, ಮೆಮೊರಿ. ಪ್ರಾಕ್ಸ್‌ಮಾಕ್ಸ್ 8.1ಕ್ಕಿಂತ ಮೊದಲು ಇನ್‌ಸ್ಟಾಲ್ ಮಾಡಿದ ಹೋಸ್ಟ್‌ನಲ್ಲಿ ಝಡ್‌ಎಫ್‌ಎಸ್ ಕ್ಯಾಶ್ ಅರ್ಧ ರ್‍ಯಾಮ್‌ವರೆಗೂ ತಿನ್ನಬಹುದು. ಅದಕ್ಕೆ ಮಿತಿ ಹಾಕಿ.

ಲಕ್ಷಣ: ಸಾಫ್ಟ್‌ವೇರ್ ‘ಲೈಸೆನ್ಸ್ ಇಲ್ಲ’ ಅನ್ನುತ್ತದೆ

ಹಾರ್ಡ್‌ವೇರ್ ಗುರುತಿಗೆ ಕಟ್ಟಿದ ಲೈಸೆನ್ಸ್‌ಗೆ ಇದು ಬೇರೆ ಯಂತ್ರ. ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಹಳೆಯದೇ ಇದೆಯಾ, ಯಂತ್ರದ ಗುರುತಿನ ಸಂಖ್ಯೆಯಾದ ಎಸ್‌ಎಂಬಯೋಸ್ ಯುಯುಐಡಿ ಹಳೆಯದೇ ಇದೆಯಾ ನೋಡಿ. ಯುಎಸ್‌ಬಿ ಡಾಂಗಲ್ ಇದ್ದರೆ ಹೊಸ ಹೋಸ್ಟ್‌ಗೆ ಸಿಕ್ಕಿಸಿ ವಿಎಂಗೆ ಕೊಡಬೇಕು. ಉಳಿದದ್ದಕ್ಕೆ ಮಾರಿದವರಿಗೆ ಫೋನ್ ಮಾಡಿ. ಹೊರಡುವ ಮೊದಲೇ ಲೈಸೆನ್ಸ್ ವಾಪಸ್ ಒಪ್ಪಿಸಿ, ಬಂದ ಮೇಲೆ ಮತ್ತೆ ಪಡೆಯುವುದು ಎಷ್ಟೋ ಮೇಲು.

ಇಲ್ಲಿ ಕೈ ಬಿಡಿ, ತಿಳಿದವರನ್ನು ಕರೆಯಿರಿ

ಡೊಮೇನ್ ಕಂಟ್ರೋಲರ್ (ಡೊಮೇನ್ ನಡೆಸುವ ಸರ್ವರ್) ವಿಎಂ ಹೊಸ ಜಾಗದಲ್ಲಿ ಒಮ್ಮೆ ನೆಟ್‌ವರ್ಕ್‌ಗೆ ಸೇರಿ ಕೆಲಸ ಮಾಡಿದ ಮೇಲೆ ಹಳೆಯ ಪ್ರತಿಯನ್ನು ಯಾವ ಕಾರಣಕ್ಕೂ ಚಾಲೂ ಮಾಡಬೇಡಿ. ಹಳೆಯ ಪ್ರತಿ ಎದ್ದರೆ ಎರಡು ಬೇರೆ ಬೇರೆ ಇತಿಹಾಸ ಹುಟ್ಟುತ್ತದೆ. ಡೊಮೇನ್ ಕಂಟ್ರೋಲರ್‌ಗಳು ಪರಸ್ಪರ ನಂಬುವುದನ್ನು ನಿಲ್ಲಿಸುತ್ತವೆ. ಆಗಲೇ ಹಾಗಾಗಿದ್ದರೆ ಏನೂ ಮಾಡದೆ ಪರಿಣತರನ್ನು ಕರೆಯಿರಿ.

ಹೋಸ್ಟ್‌ನ ಲಾಗ್‌ನಲ್ಲಿ ಐ/ಓ ಎರರ್ ಬರುತ್ತಿದ್ದರೆ, ರೇಡ್ ಕಾರ್ಡ್ ಕೂಗುತ್ತಿದ್ದರೆ, ಡಿಸ್ಕ್ ಕಟಕಟ ಅನ್ನುತ್ತಿದ್ದರೆ, ಅದು ವರ್ಗಾವಣೆಯ ದೋಷ ಅಲ್ಲ. ಅಲ್ಲಿ ಒಂದೊಂದು ರೀಸ್ಟಾರ್ಟ್ ಕೂಡ ಡೇಟಾಗೆ ಅಪಾಯ. ಡೇಟಾಬೇಸ್ ತಾನೇ "ನಾನು ಕೆಟ್ಟಿದ್ದೇನೆ" ಅಂದಾಗಲೂ ರಿಪೇರಿ ಆಜ್ಞೆ ಓಡಿಸಬೇಡಿ. ಹಳೆಯ ವಿಎಂ ಇದೆಯಲ್ಲ, ಅದರಿಂದ ಮತ್ತೊಮ್ಮೆ ತರುವುದು ಮೊದಲ ದಾರಿ.

ಹಳೆಯ ಸರ್ವರ್ ಯಾವಾಗ ಖಾಲಿ ಮಾಡಬೇಕು

ಎದ್ದ ಮಾರನೆಯ ದಿನವೇ ಮಾಡಬೇಡಿ. ವಿಎಂ ಒಳಗೆ ಕೂತು ಪ್ರಾಕ್ಸ್‌ಮಾಕ್ಸ್ ಜೊತೆ ಮಾತಾಡುವ ಕ್ಯುಎಂಯು ಗೆಸ್ಟ್ ಏಜೆಂಟ್ ಹಾಕಿ, ಆಪ್ಷನ್ಸ್‌ನಲ್ಲಿ ಅದನ್ನು ಚಾಲೂ ಮಾಡಿ, ವಿಎಂ ಪೂರ್ತಿ ನಿಲ್ಲಿಸಿ ಏಳಿಸಿ. ಬರೀ ರೀಸ್ಟಾರ್ಟ್ ಸಾಲದು. ಒಂದು ಬ್ಯಾಕಪ್ ತೆಗೆಯಿರಿ. ಅದನ್ನು ಬೇರೆ ನಂಬರಿನ ವಿಎಂ ಆಗಿ, ನೆಟ್‌ವರ್ಕ್ ಡಿಸ್ಕನೆಕ್ಟ್ ಇಟ್ಟು, ನಿಜವಾಗಿಯೂ ವಾಪಸ್ ತಂದು ಏಳಿಸಿ ನೋಡಿ. ಒಂದು ತಿಂಗಳ ಕೊನೆಯ ಲೆಕ್ಕ ಮುಗಿಯಲಿ. ವರ್ಷಕ್ಕೋ ತಿಂಗಳಿಗೋ ಒಮ್ಮೆ ಮಾತ್ರ ಓಡುವ ರಿಪೋರ್ಟ್‌ಗಳು ಇರುತ್ತವೆ, ಅವು ಯಾವುವು ಅಂತ ಅಕೌಂಟ್ಸ್‌ನವರನ್ನೇ ಕೇಳಿ ಓಡಿಸಿ.

ಭೋಸರಿಯಲ್ಲಿ ತಿಂಗಳ ಸಂಬಳ ಆಯಿತು, 20ನೇ ತಾರೀಖಿನ ಜಿಎಸ್‌ಟಿ ರಿಟರ್ನ್ ಹೋಯಿತು. ಅದರ ಮುಂದಿನ ಗುರುವಾರ ಗೋಕಾಕದ ಹುಡುಗ ಒಂದು ಬ್ಯಾಕಪ್ ವಾಪಸ್ ತಂದು ತೋರಿಸಿದ. ಪವರ್ ಬಟನ್ ಮೇಲಿನ ಚೀಟಿಯನ್ನು ಅವನೇ ಕಿತ್ತ.